ಕೆಲಸವಿದೆ, ಸುದ್ದಿ ಮಾತ್ರ ಇಲ್ಲ!

(ಬೆಂಗಳೂರಿನ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಪಿಯುಸಿ ಓದಿ ಪ್ರೆಸ್ಸು ನಡೆಸುವವನು, ಪಂಡಿತನಲ್ಲ. ಆದರೆ ಕೆಲಸ ಕೇಳಿಕೊಂಡು ಬರುವ ಹುಡುಗರನ್ನೂ, ಆಳು ಸಿಗದೆ ಪರದಾಡುವ ಮಾಲೀಕರನ್ನೂ ದಿನಾ ನೋಡುತ್ತೇನೆ. ಇಬ್ಬರೂ ಒಂದೇ ಬೀದಿಯಲ್ಲಿದ್ದಾರೆ, ಒಬ್ಬರಿಗೊಬ್ಬರು ಸಿಗುತ್ತಿಲ್ಲ! ಇದು ಏಕೆಂದು ವಿವರಿಸಿದ ಡೈಮಂಡ್, ಮಾರ್ಟೆನ್ಸನ್, ಪಿಸರೈಡ್ಸ್ ಎಂಬ ಮೂವರಿಗೆ 2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಲೆಕ್ಕ ಸುಲಭ. ಒಂದು ಬಡಾವಣೆಯಲ್ಲಿ ತಿಂಗಳಿಗೆ 10 ಜನ ಹೊಸದಾಗಿ ಕೆಲಸ ಹುಡುಕಲು ಹೊರಡುತ್ತಾರೆ ಎನ್ನಿ. ಪ್ರತಿಯೊಬ್ಬರಿಗೂ 2 ತಿಂಗಳಲ್ಲಿ ಕೆಲಸ ಸಿಕ್ಕರೆ, ಯಾವಾಗ ಎಣಿಸಿದರೂ ನಿರುದ್ಯೋಗಿಗಳು 20. ಅದೇ 6 ತಿಂಗಳು ಹಿಡಿದರೆ 60! ಒಂದು ಕಾರ್ಖಾನೆಯೂ ಮುಚ್ಚಲಿಲ್ಲ, ನಿರುದ್ಯೋಗ ಮಾತ್ರ ಮೂರು ಪಟ್ಟಾಯಿತು.

ಈ ಕಾಯುವ ಕಾಲ ಉದ್ದವಾಗುವುದು ಹೇಗೆ? ಆಫ್‌ಸೆಟ್ ಮೆಷಿನ್ನಿಗೆ ಆಪರೇಟರ್ ಬೇಕಾದಾಗ ಎಷ್ಟೋ ಮಾಲೀಕರು ಜಾಹೀರಾತು ಕೊಡುವುದಿಲ್ಲ. ‘ನಿನ್ನ ಕಡೆಯವರು ಯಾರಾದರೂ ಇದ್ದರೆ ಹೇಳಪ್ಪಾ’ ಎಂದು ಇರುವ ಕೆಲಸಗಾರನನ್ನೇ ಕೇಳುತ್ತಾರೆ. ಅವನು ತನ್ನ ಊರಿನವನನ್ನು, ತನ್ನ ಭಾಷೆಯವನನ್ನು ಕರೆತರುತ್ತಾನೆ. ಇದರಲ್ಲಿ ದ್ವೇಷವಿಲ್ಲ, ಅನುಕೂಲವಿದೆ. ಆದರೆ ಹತ್ತು ವರ್ಷ ಹೀಗೇ ನಡೆದರೆ, ಒಳಗೆ ತಮ್ಮವರಿಲ್ಲದವನಿಗೆ ಬಾಗಿಲೇ ಕಾಣುವುದಿಲ್ಲ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರ ಕಾಯ್ದೆ ವಿಧಿಸಿತ್ತು. ಅಲ್ಲಿಂದಲೇ ಜನರನ್ನು ತೆಗೆದುಕೊಳ್ಳಬೇಕೆಂದು ಮಾತ್ರ ಅದು ಹೇಳಲಿಲ್ಲ!

ಇನ್ನೊಂದು ಏಟು ಕಾಲದ್ದು. ಅಮೆರಿಕದಲ್ಲಿ ಸಂಶೋಧಕರು ಕಂಪನಿಗಳಿಗೆ ಕಾಲ್ಪನಿಕ ಹೆಸರುಗಳಲ್ಲಿ ಅರ್ಜಿ ಹಾಕಿ ನೋಡಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹೆಚ್ಚು ತಿಂಗಳು ಖಾಲಿ ಕೂತವನಿಗೆ ಕರೆ ಕಡಿಮೆ. ಮೊದಲ 8 ತಿಂಗಳಲ್ಲೇ ಈ ಇಳಿತ ಜೋರು. ‘ಇಷ್ಟು ದಿನ ಯಾರೂ ತೆಗೆದುಕೊಂಡಿಲ್ಲವೆಂದರೆ ಏನೋ ಐಬಿರಬೇಕು’ ಎಂಬ ಅನುಮಾನವೇ ಐಬಾಗುತ್ತದೆ. ಹುಡುಗ ಸೋಲುತ್ತಾನೆ, ಹುಡುಕುವುದು ಕಡಿಮೆ ಮಾಡುತ್ತಾನೆ, ಕೈ ಮರೆಯುತ್ತದೆ. ನಿರುದ್ಯೋಗ ನಿರುದ್ಯೋಗವನ್ನೇ ಹೆರುತ್ತದೆ.

ಆದ್ದರಿಂದ ಗೆಳೆಯರೇ, ಮೊದಲ ತಿಂಗಳುಗಳನ್ನು ಕಳೆದುಕೊಳ್ಳಬೇಡಿ. ಆಪ್ತರಿಗಷ್ಟೇ ಹೇಳಿ ಕೂರಬೇಡಿ. ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಪರೂಪಕ್ಕೆ ಸಿಗುವ ಪರಿಚಯದವರಿಂದ. ಇದನ್ನು ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಬರೆದರು. ಕೆಲಸ ಸಿಕ್ಕವರು ನಿಮ್ಮಲ್ಲಿ ಖಾಲಿಯಾದ ಜಾಗದ ಸುದ್ದಿಯನ್ನು ಹೊರಗೆ ತನ್ನಿ.

ಮಾಲೀಕ ಮಿತ್ರರೇ, ‘ಇಷ್ಟು ದಿನ ಏನು ಮಾಡುತ್ತಿದ್ದೆ?’ ಎಂದು ಕೇಳಬೇಡಿ. ಮೆಷಿನ್ ಮುಂದೆ ನಿಲ್ಲಿಸಿ, ಕೈ ನೋಡಿ. ‘ಕೆಲಸ ಖಾಲಿ ಇದೆ’ ಎಂದು ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಅಚ್ಚು ಹಾಕುವ ಖರ್ಚು ನನ್ನದು!