ಹಳೆಯ ಕಾರಿನ ಪೂರ್ವೋತ್ತರ



ನಮ್ಮ ಸೀಮೆಯ ರೈತನು ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ಕ್ರಮವನ್ನು ತಾವು ನೋಡಿರಬಹುದು. ಆತನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಅದು ಯಾರ ಕೊಟ್ಟಿಗೆಯದು, ಏತಕ್ಕಾಗಿ ಮಾರುತ್ತಿದ್ದಾರೆ ಎಂಬುದನ್ನು ವಿಚಾರಿಸದೆ ಹಣದ ಚೀಲಕ್ಕೆ ಕೈ ಹಾಕುವುದಿಲ್ಲ. ಓದುಬರಹ ಬಲ್ಲ ಪಟ್ಟಣಿಗರಾದ ನಾವಾದರೋ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಣ ತೆತ್ತು ಹಳೆಯ ಕಾರನ್ನು ಕೊಳ್ಳುವಾಗ, ಬಣ್ಣದ ಹೊಳಪನ್ನು ಕಂಡು, ಬಾಗಿಲನ್ನು ಎರಡು ಸಾರಿ ತೆಗೆದು ಹಾಕಿ, ಮುಂಗಡವನ್ನು ಕೊಟ್ಟುಬಿಡುತ್ತೇವೆ.

ಕೆಲವು ವರ್ಷಗಳ ಕೆಳಗೆ ನಾವೇ ಈ ತಪ್ಪನ್ನು ಮಾಡಿದೆವು. ದಲ್ಲಾಳಿಯೊಬ್ಬನು ತೋರಿಸಿದ ಕಾರಿನ ಮೀಟರು 42,000 ಕಿಲೋಮೀಟರು ಎಂದು ಹೇಳುತ್ತಿದ್ದಿತು. ‘ಡಾಕ್ಟರೊಬ್ಬರ ಗಾಡಿ ಸ್ವಾಮಿ, ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ, ಅಷ್ಟೇ ಓಡಿರುವುದು’ ಎಂದು ಆತನು ಹೇಳಿದನು. ನಾವು ನಂಬಿದೆವು. ಮೊದಲನೆಯ ಮಳೆಗಾಲದಲ್ಲಿಯೇ ದೀಪಗಳು ತಮ್ಮಷ್ಟಕ್ಕೆ ತಾವೇ ಹತ್ತತೊಡಗಿದುವು. ಒಂದು ರಾತ್ರಿ ಊರ ಹೊರಗೆ ಎಂಜಿನ್ನು ನಿಂತೇಹೋಯಿತು. ಮಾರನೆಯ ದಿನ ಮೆಕ್ಯಾನಿಕನು ಬೇರೇನನ್ನೂ ಮುಟ್ಟದೆ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದು ತೋರಿಸಿದನು. ಸದಾ ಸುತ್ತಿಕೊಂಡೇ ಇರುವ ಆ ತುದಿಯಲ್ಲಿ ಕೆಸರಿನ ಒಂದು ಗೆರೆ ಒಣಗಿ ನಿಂತಿತ್ತು. ‘ಗಾಡಿ ನೀರಿನಲ್ಲಿ ಮುಳುಗಿದ್ದುದು’ ಎಂದನು. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಲು, ನಾವು ಕೊಳ್ಳುವುದಕ್ಕೆ ಒಂದು ವರ್ಷ ಮೊದಲೇ ಆ ಕಾರು 80,000 ಕಿಲೋಮೀಟರನ್ನು ದಾಟಿದ್ದುದು ದಾಖಲೆಯಲ್ಲಿತ್ತು. ಕೊಳ್ಳುವ ಮೊದಲು ಕೇಳಿದ್ದರೆ ಆಗಲೂ ಅದೇ ಉತ್ತರ ದೊರೆಯುತ್ತಿದ್ದಿತು. ಕೇಳದೆ ಹೋದುದು ನಮ್ಮ ದೋಷ.

ಅಂದಿನಿಂದ ನಾವು ಕಲಿತುದೇನೆಂದರೆ, ಹಳೆಯ ಕಾರಿಗೆ ಮೂವರು ಸಾಕ್ಷಿಗಳಿದ್ದಾರೆ: ಕಾಗದ, ಮೈ, ಜನ. ಈ ಮೂವರ ಹೇಳಿಕೆಯೂ ಒಂದೇ ಆದರೆ ಕೊಳ್ಳಬಹುದು. ಒಬ್ಬರ ಮಾತಿಗೆ ಮತ್ತೊಬ್ಬರ ಮಾತು ಹೊಂದದಿದ್ದರೆ, ಬೆಲೆ ಎಷ್ಟೇ ಸಹಾಯವಾಗಿದ್ದರೂ ಹಿಂದಿರುಗುವುದು ಲೇಸು.

ಮೊದಲು ಕಾಗದ. ನೋಂದಣಿ ಪತ್ರದಲ್ಲಿ, ಎಂದರೆ ಆರ್‌.ಸಿ.ಯಲ್ಲಿ, ಛಾಸಿ ನಂಬರು, ಎಂಜಿನ್ ನಂಬರು ಎಂಬ ಎರಡು ಸಂಖ್ಯೆಗಳಿರುವುವು. ಇಂದಿನ ಕಾರುಗಳ ಛಾಸಿ ನಂಬರಿನಲ್ಲಿ 17 ಅಕ್ಷರಾಂಕಗಳಿರುತ್ತವೆ. ಅವುಗಳನ್ನು ಕಾಗದದಲ್ಲಿ ಓದಿದರೆ ಸಾಲದು. ಗಾಡಿಯ ಲೋಹದ ಮೇಲೆ ಕೊರೆದಿರುವುದರೊಡನೆ ಒಂದೊಂದಾಗಿ ಹೋಲಿಸಬೇಕು. ಕೊರೆದ ಜಾಗದಲ್ಲಿ ಉಜ್ಜಿದ ಗುರುತಾಗಲಿ ಹೊಸ ಬಣ್ಣವಾಗಲಿ ಕಂಡರೆ ಅಲ್ಲಿಗೇ ಮಾತು ಮುಗಿಸಬೇಕು. ಕೇಂದ್ರ ಸರ್ಕಾರದ ‘ವಾಹನ್’ ಎಂಬ ದಾಖಲೆಯಲ್ಲಿ ನೋಂದಣಿಯ ದಿನಾಂಕ, ಈಗಿನವನು ಎಷ್ಟನೆಯ ಒಡೆಯ, ವಿಮೆಯ ಅವಧಿ, ಸಾಲದ ಹೊರೆ ಮೊದಲಾದುವನ್ನು ಯಾರು ಬೇಕಾದರೂ ನೋಡಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ‘ವಾಹನ್ ಸಮನ್ವಯ’ ಎಂಬ ವ್ಯವಸ್ಥೆಯು ಕಳವಾದ ಗಾಡಿಗಳನ್ನು ಪತ್ತೆಮಾಡುವುದಕ್ಕೆಂದೇ ಏರ್ಪಟ್ಟುದು.

ಸಾಲದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಆರ್‌.ಸಿ.ಯಲ್ಲಿ ‘ಹೈಪಾಥಿಕೇಶನ್’ ಎಂದು ಬ್ಯಾಂಕಿನ ಹೆಸರಿದ್ದರೆ, ಗಾಡಿಯು ಆ ಸಾಲಕ್ಕೆ ಕಟ್ಟುಬಿದ್ದಿದೆಯೆಂದು ಅರ್ಥ. ‘ಸಾಲ ತೀರಿಸಿದ್ದಾಗಿದೆ’ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ನಿರಾಕ್ಷೇಪಣ ಪತ್ರವೂ 35ನೆಯ ನಮೂನೆಯೂ ಆರ್‌.ಟಿ.ಓ. ಕಚೇರಿಗೆ ಮುಟ್ಟಿ, ಆ ಹೆಸರು ದಾಖಲೆಯಿಂದ ಅಳಿಸಿಹೋಗಿರಬೇಕು.

ವಿಮಾಪತ್ರವೂ ಒಳ್ಳೆಯ ಸಾಕ್ಷಿ. ಪರಿಹಾರ ಕೇಳದೆ ವರ್ಷಗಳನ್ನು ಕಳೆದ ಒಡೆಯನಿಗೆ ಶೇಕಡ 20ರಿಂದ ಮೊದಲಾಗಿ ಶೇಕಡ 50ರವರೆಗೆ ರಿಯಾಯಿತಿ ದೊರೆಯುವುದುಂಟು. ಆರು ವರ್ಷ ಒಬ್ಬರ ಕೈಯಲ್ಲಿಯೇ ಇದ್ದ ಕಾರಿನ ಪತ್ರದಲ್ಲಿ ಆ ರಿಯಾಯಿತಿ ಸೊನ್ನೆಯಾಗಿದ್ದರೆ, ಏಕೆಂದು ಕೇಳುವ ಹಕ್ಕು ನಮಗಿದೆ. ದುರಸ್ತಿಯ ವೆಚ್ಚವು ವಿಮೆ ಮಾಡಿದ ಬೆಲೆಯ ಶೇಕಡ 75ನ್ನು ಮೀರಿದರೆ ಗಾಡಿಯು ಪೂರ್ಣ ನಷ್ಟವೆಂದು ಎಣಿಸಲ್ಪಡುತ್ತದೆ. ಹಾಗೆಣಿಸಲ್ಪಟ್ಟ ಗಾಡಿಯೂ ಹರಾಜಿಗೆ ಹೋಗಿ, ಬಣ್ಣ ಬಳಿಸಿಕೊಂಡು, ಮತ್ತೆ ರಸ್ತೆಗೆ ಬರುವುದುಂಟು. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರದಲ್ಲಿಯೂ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರುಗಳ ಕಡೆಯಲ್ಲಿಯೂ ಎಷ್ಟೋ ಕಾರುಗಳು ನಿಂತಲ್ಲಿಯೇ ಮುಳುಗಿದುದನ್ನು ತಾವು ಬಲ್ಲಿರಿ. ನೀರು ಇಳಿದುಹೋದರೂ ಆ ಕಾರುಗಳೆಲ್ಲವೂ ಗುಜರಿಗೆ ಹೋದುವೆಂದು ನಂಬುವ ಹಾಗಿಲ್ಲ.

ಎರಡನೆಯ ಸಾಕ್ಷಿ, ಕಾರಿನ ಮೈ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಸವೆತವನ್ನು ತಿರುಗಿಸುವುದು ಕಷ್ಟ. ಮೀಟರು 30,000 ಎನ್ನುತ್ತಿದ್ದು, ಕ್ಲಚ್ಚಿನ ಪೆಡಲಿನ ರಬ್ಬರು ಬೋಳಾಗಿದ್ದರೆ ಯಾರ ಮಾತು ನಿಜ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ‘ಕಂಪನಿಯಿಂದ ಬಂದ ಟೈರೇ ಇನ್ನೂ ಇದೆ’ ಎಂದವನ ಮಾತನ್ನು ಇದರಿಂದ ಪರೀಕ್ಷಿಸಬಹುದು. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವೊಂದನ್ನು ಉಕ್ಕಿನ ಬಾಗಿಲಿಗೂ ಬಾನೆಟ್ಟಿಗೂ ಹಿಡಿದರೆ, ದಪ್ಪನಾಗಿ ಪುಟ್ಟಿ ಮೆತ್ತಿದ ಕಡೆ ಅದು ಸರಿಯಾಗಿ ಹಿಡಿಯುವುದಿಲ್ಲ. ಸೀಟಿನ ಕೆಳಗಣ ಹಳಿಗಳ ತುಕ್ಕು, ಸ್ಟೆಪ್ನಿಯಿಡುವ ಗುಂಡಿಯ ಮಣ್ಣು, ಎಷ್ಟು ಸುಗಂಧವಿಟ್ಟರೂ ಅಡಗದ ಮುಗ್ಗಲು ವಾಸನೆ, ಇವು ನೀರಿನ ಕಥೆಯನ್ನು ಹೇಳುತ್ತವೆ. ಗಾಡಿಯನ್ನು ಹಗಲಿನಲ್ಲಿ, ತಣ್ಣಗಿರುವಾಗ, ನಮ್ಮವನೇ ಆದ ಮೆಕ್ಯಾನಿಕನೊಡನೆ ನೋಡಬೇಕು. ಮಾರುವವನು ಕರೆತಂದವನೊಡನೆ ಅಲ್ಲ.

ಮೂರನೆಯ ಸಾಕ್ಷಿ, ಜನ. ದಲ್ಲಾಳಿಯೊಡನೆ ಮಾತ್ರ ಮಾತನಾಡಿ ಹಿಂದಿರುಗಬಾರದು. ಆರ್‌.ಸಿ.ಯಲ್ಲಿ ಹೆಸರಿರುವವರನ್ನೇ ಕಂಡು, ‘ಏಕೆ ಮಾರುತ್ತಿದ್ದೀರಿ?’ ಎಂದು ವಿನಯದಿಂದ ಕೇಳಬೇಕು. ಸರ್ವಿಸ್ ಮಾಡಿದ ಕೇಂದ್ರಕ್ಕೆ ಅವರೊಡನೆಯೇ ಹೋಗಿ ದಾಖಲೆಯನ್ನು ಕೇಳಬೇಕು. ಸರಿಯಾದ ಕಾರಿನ ಒಡೆಯನಿಗೆ ಇದರಿಂದ ಬೇಸರವಾಗಲು ಕಾರಣವಿಲ್ಲ.

ಇನ್ನು ಮಾರುವವರ ಹಿತಕ್ಕೂ ಒಂದು ಮಾತು. ಹಣ ಕೈಸೇರಿದ ಕೂಡಲೇ ಸಂಬಂಧ ತೀರಿತೆಂದು ಎಣಿಸಬಾರದು. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ, ಅದೇ ರಾಜ್ಯದೊಳಗೆ ಮಾರಿದವನು 14 ದಿನಗಳೊಳಗಾಗಿ, ಕೊಂಡವನು 30 ದಿನಗಳೊಳಗಾಗಿ ಕಚೇರಿಗೆ ವರದಿ ಮಾಡತಕ್ಕದ್ದು. ಒಂದು ಮೊಕದ್ದಮೆಯಲ್ಲಿ ಕಾರು ಕೈಯಿಂದ ಕೈಗೆ ದಾಟಿದ್ದರೂ ದಾಖಲೆಯಲ್ಲಿ ಮೊದಲಿನವನ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರಕ್ಕೆ ಹೊಣೆ ಹೆಸರಿದ್ದವನೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ನಮ್ಮ ಕಾರಿನ ಗತಿ ಏನಾಯಿತೆಂದು ತಾವು ಕೇಳಬಹುದು. ‘ಬಣ್ಣ ಹೊಡೆಸಿ ಹಾಗೆಯೇ ಮಾರಿಬಿಡಿ, ನಿಮಗೆ ಯಾರಾದರೂ ಹೇಳಿದ್ದರೇನು?’ ಎಂದು ಹಿತೈಷಿಗಳು ಬುದ್ಧಿ ಹೇಳಿದರು. ಆ ಮಾತು ಒಂದೆರಡು ದಿನ ನಮ್ಮ ಮನಸ್ಸನ್ನು ಹಿಡಿದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕೊಳ್ಳಲು ಬಂದವನು ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕರೆತಂದಿದ್ದನು. ಮಕ್ಕಳು ಆಗಲೇ ಹಿಂದಿನ ಸೀಟನ್ನು ಏರಿ ಕುಳಿತಿದ್ದರು. ಊರ ಹೊರಗೆ ಎಂಜಿನ್ನು ನಿಂತ ಆ ರಾತ್ರಿಯ ನೆನಪು ನಮಗಾಯಿತು. ಬೆಲ್ಟನ್ನು ಎಳೆದು ಆ ಗೆರೆಯನ್ನು ತೋರಿಸಿದೆವು. ಅವನು ಕೊಳ್ಳಲಿಲ್ಲ. ಮುಂದೆ ಗ್ಯಾರೇಜಿನವನೊಬ್ಬನು, ಎಲ್ಲವನ್ನೂ ತಿಳಿದೇ, ಬಿಡಿಭಾಗಗಳಿಗಾಗಿ ನಾವು ಕೊಟ್ಟ ಬೆಲೆಯ ಮೂರರಲ್ಲೊಂದು ಪಾಲಿಗೆ ಅದನ್ನು ಒಯ್ದನು. ನಷ್ಟವಾಯಿತು, ನಿಜ, ಆದರೆ ಅದು ನಮ್ಮಲ್ಲಿಗೇ ನಿಂತಿತು.

ಹಳೆಯ ಕಾರಿನ ಪೂರ್ವೋತ್ತರವನ್ನು ಕೊಳ್ಳುವವನು ಕೇಳಿ ತಿಳಿಯಲಿ. ಮಾರುವವನು ಕೇಳುವ ಮೊದಲೇ ಹೇಳಲಿ.