ತಿಳಿವು ಬೇಕು, ತಿಳಿದವರು ಬೇಡವೇ?
ಒಮಾನಿನ ಮೂಲಜನರು ಮತ್ತು ವಿಶ್ವವಿದ್ಯಾಲಯ: ಒಂದು ಉಪನ್ಯಾಸದ ಪಠ್ಯ



ಮಸ್ಕತ್ತಿನಿಂದ ಸಲಾಲಾಕ್ಕೆ ಕಾರಿನಲ್ಲಿ ಹೊರಟ ಕನ್ನಡಿಗರು ಹೈಮಾದಲ್ಲಿ ಪೆಟ್ರೋಲ್ ಹಾಕಿಸಿ, ಚಹಾ ಕುಡಿದು, ಮುಂದಿನ ಬಯಲನ್ನು ‘ಏನೂ ಇಲ್ಲದ ಜಾಗ’ ಎಂದುಕೊಂಡು ದಾಟಿಬಿಡುವುದು ವಾಡಿಕೆ. ಆ ಬಯಲಿಗೆ ಜಿದ್ದತ್ ಅಲ್ ಹರಾಸಿಸ್ ಎಂದು ಹೆಸರು. ಅಲ್ಲಿ ಹರಾಸಿಸ್ ಜನ ತಲೆಮಾರುಗಳಿಂದ ಒಂಟೆ, ಆಡುಗಳನ್ನು ಸಾಕಿಕೊಂಡು ಬಾಳಿದ್ದಾರೆ. ಮಳೆ ಅಪರೂಪವಾದ ಆ ನೆಲದಲ್ಲಿ ಮಂಜು ಮತ್ತು ಇಬ್ಬನಿಯೇ ಗಿಡಗಳ ಜೀವಾಳ. ಯಾವ ತಗ್ಗಿನಲ್ಲಿ ಎಂದು ಮೇವು ಚಿಗುರುತ್ತದೆ ಎಂಬುದನ್ನು ಅರಿಯದವನು ಅಲ್ಲಿ ಬದುಕಲಾರ. ‘ಏನೂ ಇಲ್ಲ’ ಎಂಬುದು ನೆಲದ ವರ್ಣನೆಯಲ್ಲ. ನೋಡುವವನ ಅಜ್ಞಾನದ ವರ್ಣನೆ.

ಈ ಬಯಲಿನಲ್ಲೇ ಆಧುನಿಕ ವಿಜ್ಞಾನದ ಒಂದು ದೊಡ್ಡ ಪ್ರಯೋಗ ನಡೆಯಿತು. ಅರೇಬಿಯಾದ ಬಿಳಿ ಒರಿಕ್ಸ್ ಹುಲ್ಲೆ 1972ರಲ್ಲಿ ಕಾಡಿನಿಂದ ಪೂರ್ತಿ ಮರೆಯಾಯಿತು. ಅಮೆರಿಕದ ಮೃಗಾಲಯಗಳಲ್ಲಿ ಉಳಿಸಿ ಬೆಳೆಸಿದ್ದ ಸಂತತಿಯನ್ನು 1980ರಿಂದ ಜಿದ್ದತ್‌ನ ಯಲೂನಿಗೆ ತರಲಾಯಿತು. 1982ರಲ್ಲಿ ಮೊದಲ ಹಿಂಡನ್ನು ಬಯಲಿಗೆ ಬಿಡಲಾಯಿತು. ಹೆಜ್ಜೆಗುರುತು ಹಿಡಿದು ಹಿಂಡನ್ನು ಹಿಂಬಾಲಿಸಿದ ಕಾವಲುಗಾರರು ಹರಾಸಿಸ್ ಜನರೇ. ಅವರ ಕಣ್ಣಿಲ್ಲದೆ ಆ ಪ್ರಯೋಗದ ದಾಖಲೆಗಳು ತುಂಬುತ್ತಿರಲಿಲ್ಲ. 1994ರಲ್ಲಿ ಆ ಪ್ರದೇಶ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1996ರಲ್ಲಿ ಸುಮಾರು 450 ಇದ್ದ ಹುಲ್ಲೆಗಳು ಕಳ್ಳಬೇಟೆಯಿಂದ 65ಕ್ಕೆ ಇಳಿದವು. ಸರ್ಕಾರ ರಕ್ಷಿತ ಪ್ರದೇಶವನ್ನು ಶೇ. 90ರಷ್ಟು ಕಡಿತಗೊಳಿಸಿತು. 2007ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಯಿಂದ ಹೊರಬಿದ್ದ ಮೊಟ್ಟಮೊದಲ ತಾಣವಾಯಿತು.

ಹರಾಸಿಸ್ ಜನರ ನಡುವೆ ದೀರ್ಘಕಾಲ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಡಾನ್ ಚಾಟಿಯವರ ವಾದ ಇಲ್ಲಿ ಮುಖ್ಯ. ಸ್ಥಳೀಯರಿಗೆ ಸಂಬಳದ ಕೆಲಸ ದೊರೆಯಿತೇ ಹೊರತು ಯೋಜನೆ ರೂಪಿಸುವ ಜಾಗದಲ್ಲಿ ಪಾಲು ದೊರೆಯಲಿಲ್ಲ ಎಂಬುದು ಅದರ ತಿರುಳು. ಕಳ್ಳಬೇಟೆಗೆ, ಪ್ರದೇಶದ ಕಡಿತಕ್ಕೆ ಬೇರೆ ಕಾರಣಗಳೂ ಇವೆ. ಆದರೂ ತಿಳಿವು ಬೇಕು, ತಿಳಿದವರು ಬೇಡ ಎಂಬ ಧೋರಣೆ ಮರುಭೂಮಿಯ ಯೋಜನೆಗಷ್ಟೇ ಸೀಮಿತವಲ್ಲ. ವಿಶ್ವವಿದ್ಯಾಲಯವೂ ಇದೇ ಧೋರಣೆಯ ಮೇಲೆ ನಿಂತಿದೆಯೇ ಎಂಬುದು ಈ ಉಪನ್ಯಾಸದ ಪ್ರಶ್ನೆ.

1970ರಲ್ಲಿ ಇಡೀ ಒಮಾನಿನಲ್ಲಿದ್ದದ್ದು ಮೂರು ಆಧುನಿಕ ಶಾಲೆಗಳು. ಕಲಿಯುತ್ತಿದ್ದವರು ಸುಮಾರು 900 ಹುಡುಗರು. 1986ರಲ್ಲಿ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಅಲ್ಲಿ ಒಮಾನಿ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ಪಡೆಯುವುದಿಲ್ಲ. ಅಲ್ಪಾವಧಿಯ ಈ ಸಾಧನೆ ನಿಜಕ್ಕೂ ದೊಡ್ಡದು. ಹಣದ ಅಡ್ಡಿ ಸರಿದ ಮೇಲೆ ಉಳಿದ ಅಡ್ಡಿಗಳೇ ಹೆಚ್ಚು ಸ್ಪಷ್ಟವಾಗಿ ಕಾಣತೊಡಗುತ್ತವೆ.

ಅವುಗಳಲ್ಲಿ ಮೊದಲನೆಯದು ಭಾಷೆ. ಒಮಾನಿನ ದಕ್ಷಿಣ ಮತ್ತು ನಡುಭಾಗದಲ್ಲಿ ಅರಬ್ಬಿಯಲ್ಲದ ಐದು ಸೆಮಿಟಿಕ್ ಭಾಷೆಗಳಿವೆ: ಮೆಹ್ರಿ, ಜಿಬ್ಬಾಲಿ ಎಂದೂ ಕರೆಯಲಾಗುವ ಶಹ್ರಿ, ಹರ್ಸೂಸಿ, ಹೋಬ್ಯೋತ್, ಬತ್ಹರಿ. ಇವು ಅರಬ್ಬಿಯ ಆಡುರೂಪಗಳಲ್ಲ, ಅದರ ದೂರದ ದಾಯಾದಿಗಳು. ಇಂದಿನ ಅರಬ್ಬಿ ಕಳೆದುಕೊಂಡ ಪ್ರಾಚೀನ ಧ್ವನಿಗಳನ್ನು ಇವು ಇನ್ನೂ ಉಳಿಸಿಕೊಂಡಿವೆ. ಪರಂಪರೆಯಿಂದ ಇವುಗಳಿಗೆ ಬರಹವಿಲ್ಲ. ಬತ್ಹರಿಯನ್ನು ಚೆನ್ನಾಗಿ ಬಲ್ಲವರು ಈಗ ಬೆರಳೆಣಿಕೆಯ ಹಿರಿಯರು ಮಾತ್ರ. ಹೀಗಾಗಿ ಮೆಹ್ರಿ ಮನೆಯ ಹುಡುಗಿ ಶಾಲೆಗಾಗಿ ಅರಬ್ಬಿ ಕಲಿಯಬೇಕು, ವಿಜ್ಞಾನ ಓದಲು ವಿಶ್ವವಿದ್ಯಾಲಯ ಸೇರಿದರೆ ಇಂಗ್ಲಿಷಿನ ತಳಪಾಯದ ಕೋರ್ಸ್ ದಾಟಬೇಕು. ಅವಳು ಎರಡು ಹೊಸ್ತಿಲು ದಾಟಿ ಬಂದವಳು. ತರಗತಿಯ ಕಣ್ಣಿಗೆ ಮಾತ್ರ ಅವಳು ಇಂಗ್ಲಿಷಿನಲ್ಲಿ ಹಿಂದುಳಿದ ಇನ್ನೊಬ್ಬ ವಿದ್ಯಾರ್ಥಿನಿ. ಮೂರನೆಯ ಭಾಷೆಯಲ್ಲಿ ತಡವರಿಸುವುದನ್ನು ಬುದ್ಧಿಯ ಕೊರತೆ ಎಂದು ಎಣಿಸಿದರೆ ತಪ್ಪು ತೂಗುವವರದು.

ಎರಡನೆಯದು ಮನ್ನಣೆ. ಅವಳ ಅಜ್ಜಿಯ ತಿಳಿವಿಗೆ ವಿಶ್ವವಿದ್ಯಾಲಯಗಳಲ್ಲಿ ಬೆಲೆ ಇಲ್ಲದಿಲ್ಲ. ಧೋಫಾರಿನ ಸಸ್ಯಗಳನ್ನೂ ಸ್ಥಳೀಯರು ಅವುಗಳನ್ನು ಬಳಸುವ ಬಗೆಯನ್ನೂ ಕುರಿತ ಆಂಟನಿ ಮಿಲ್ಲರ್ ಮತ್ತು ಮಿರಾಂಡಾ ಮಾರಿಸ್ ಅವರ ಬೃಹತ್ ಗ್ರಂಥ 1988ರಲ್ಲಿ ಪ್ರಕಟವಾಯಿತು. ಫಲಜ್ ಕಾಲುವೆಯ ನೀರನ್ನು ರಾತ್ರಿಯ ಹೊತ್ತು ನಕ್ಷತ್ರ ನೋಡಿ ಹಂಚುವ ಕ್ರಮವನ್ನು ಹ್ಯಾರಿಯೆಟ್ ನ್ಯಾಶ್ ದಾಖಲಿಸಿದರು. ಸುಮಾರು 3,000 ಫಲಜ್‌ಗಳು ಇಂದಿಗೂ ಹರಿಯುತ್ತಿವೆ. ಅವುಗಳಲ್ಲಿ ಐದು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಇವೆಲ್ಲ ಶ್ರದ್ಧೆಯ ಕೆಲಸಗಳು. ಆದರೆ ಸರದಿಯ ಲೆಕ್ಕ ತಪ್ಪದಂತೆ ನಕ್ಷತ್ರ ನೋಡಿ ನೀರು ಬಿಡುವ ಹಿರಿಯ ಇಂತಹ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ‘ಮಾಹಿತಿದಾರ’. ಅವನ ಮೊಮ್ಮಗ ಜಲ ಎಂಜಿನಿಯರಿಂಗ್ ತರಗತಿಯಲ್ಲಿ ‘ಪೂರ್ವಜ್ಞಾನವಿಲ್ಲದ’ ವಿದ್ಯಾರ್ಥಿ. ಒಂದೇ ಮನೆಯ ತಿಳಿವು ಗ್ರಂಥಾಲಯದಲ್ಲಿ ಸಂಪತ್ತು, ತರಗತಿಯಲ್ಲಿ ಶೂನ್ಯ. ಈ ವೈರುಧ್ಯವನ್ನು ಬಿಡಿಸದೆ ‘ಗೌರವ’ ಎಂಬ ಮಾತಿಗೆ ಅರ್ಥವಿಲ್ಲ.

ಬೇರೆ ದಾರಿಯೂ ಇದೆ. 2020ರಲ್ಲಿ ಪ್ರಕಟವಾದ ಧೋಫಾರಿನ ಮೆಹ್ರಿಯ ಪಠ್ಯಪುಸ್ತಕದ ಲೇಖಕರ ಸಾಲಿನಲ್ಲಿ ಭಾಷಾವಿಜ್ಞಾನಿ ಜಾನೆಟ್ ವಾಟ್ಸನ್ ಅವರೊಂದಿಗೆ ಮೆಹ್ರಿ ಭಾಷಿಕರ ಹೆಸರುಗಳೂ ಇವೆ. ಹೇಳಿದವರು ಅಡಿಟಿಪ್ಪಣಿಯಿಂದ ಮುಖಪುಟಕ್ಕೆ ಬಂದಿದ್ದಾರೆ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದಲ್ಲಿ ಮಾವೊರಿ ಭಾಷೆಯಲ್ಲೇ ಪ್ರಬಂಧ ಬರೆದು ಪದವಿ ಪಡೆಯಬಹುದು. ಮಾವೊರಿ ವಿದ್ವಾಂಸೆ ಲಿಂಡಾ ತುಹಿವಾಯಿ ಸ್ಮಿತ್ 1999ರ ತಮ್ಮ ಕೃತಿಯಲ್ಲಿ ಸಂಶೋಧನೆಯೇ ವಸಾಹತುಶಾಹಿಯ ಉಪಕರಣವಾಗಿದ್ದುದನ್ನು ತೋರಿಸಿ, ಪ್ರಶ್ನೆ ಕೇಳುವ ಅಧಿಕಾರ ಯಾರದು ಎಂದು ವಿಶ್ವವಿದ್ಯಾಲಯಗಳನ್ನು ಕೇಳಿದರು. ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಘೋಷಣೆಯ 31ನೇ ವಿಧಿ ಅವರ ಜ್ಞಾನದ ಮೇಲಿನ ಹಿಡಿತ ಅವರದೇ ಎನ್ನುತ್ತದೆ. ಆ ಘೋಷಣೆ ಅಂಗೀಕಾರವಾದದ್ದು 2007ರಲ್ಲಿ, ಒರಿಕ್ಸ್ ತಾಣ ಪಟ್ಟಿಯಿಂದ ಬಿದ್ದ ವರ್ಷದಲ್ಲೇ.

ಇಷ್ಟನ್ನು ಕೇಳಿದ ವಲಸಿಗ ಕನ್ನಡಿಗನಿಗೆ ಮೆಹ್ರಿಯ ಅಳಲು ತನ್ನದೇ ಅಳಲಿನಂತೆ ಕಾಣುವುದು ಸಹಜ. ಇಂಗ್ಲಿಷಿನ, ಹಿಂದಿಯ ಎದುರು ಕನ್ನಡದ ಸ್ಥಿತಿ ಅವನಿಗೆ ಥಟ್ಟನೆ ನೆನಪಾಗುತ್ತದೆ. ಆದರೆ ಈ ಹೋಲಿಕೆ ಅರ್ಧಸತ್ಯ. ಒಮಾನಿನಲ್ಲಿ ಮೆಹ್ರಿಯ ಎದುರು ಅರಬ್ಬಿ ಎಲ್ಲಿ ನಿಂತಿದೆಯೋ, ಕರ್ನಾಟಕದಲ್ಲಿ ಸೋಲಿಗರ ನುಡಿಯ, ಕೊರಗ ಭಾಷೆಯ ಎದುರು ಕನ್ನಡ ನಿಂತಿರುವುದು ಅಲ್ಲೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗೆಲೆಗಳಿಗೆ ಸಣ್ಣಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ಯನ್ನು ಕಾನೂನು ಅಪರಾಧವೆಂದಿತು. ಆ ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತಲೇ ಇದ್ದರು. ಪರಿಸರ ವಿಜ್ಞಾನಿಗಳು ಆ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದು ಬಹಳ ತಡವಾಗಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ದೊರೆಯಿತು. ಅವರ ಪರಿಸರಜ್ಞಾನವನ್ನು ಅವರ ನುಡಿಯ ಮೂಲಕವೇ ವಿವರಿಸುವ ಪೂರ್ಣಪ್ರಮಾಣದ ಗ್ರಂಥ 2016ರಲ್ಲಿ ಬಂತು. ಅದನ್ನು ಬರೆದವರು ಆಸ್ಟ್ರೇಲಿಯಾದಲ್ಲಿ ಓದಿದ ಭಾಷಾವಿಜ್ಞಾನಿ ಆಂಗ್ ಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. ಅಂತಹ ವಿಭಾಗಗಳಲ್ಲಿ ಬುಡಕಟ್ಟಿನವರು ಅಧ್ಯಯನದ ವಸ್ತುವಾಗಿ ಎಷ್ಟಿದ್ದಾರೆ, ಪೀಠದಲ್ಲಿ ಎಷ್ಟಿದ್ದಾರೆ ಎಂಬುದನ್ನು ಕನ್ನಡದ ಪ್ರಗತಿಪರರು ಇಂಗ್ಲಿಷಿನ ದಬ್ಬಾಳಿಕೆಯನ್ನು ಪ್ರಶ್ನಿಸುವಷ್ಟೇ ಗಟ್ಟಿಯಾಗಿ ಕೇಳಬೇಕಿದೆ.

ಹಾಗಾದರೆ ವಿಶ್ವವಿದ್ಯಾಲಯ ಮಾಡಬೇಕಾದದ್ದೇನು? ಮೊದಲನೆಯದಾಗಿ, ಭಾಷೆಯ ಹೊಸ್ತಿಲಿನಲ್ಲಿ ಆಸರೆಯಾಗಿ ನಿಲ್ಲಬೇಕು. ಆ ಆಸರೆ ‘ದುರ್ಬಲರ ತರಗತಿ’ ಎಂಬ ಕಳಂಕವಾಗಬಾರದು. ಎರಡನೆಯದಾಗಿ, ಫಲಜ್‌ನ ನೀರು ಹಂಚುವವರನ್ನು, ಲೋಬಾನದ ಮರಕ್ಕೆ ಎಷ್ಟು ಗಾಯ ಮಾಡಬೇಕು, ಎಂದು ವಿಶ್ರಾಂತಿ ಕೊಡಬೇಕು ಎಂದು ಬಲ್ಲವರನ್ನು ಗೌರವಧನ ಕೊಟ್ಟು ಬೋಧಕರಾಗಿ ಕರೆಯಬೇಕು. ಸಾಂಸ್ಕೃತಿಕ ದಿನದ ಪ್ರದರ್ಶನಕ್ಕಲ್ಲ. ಮೂರನೆಯದಾಗಿ, ಹೇಳಿದವರ ಒಪ್ಪಿಗೆಯಿಲ್ಲದೆ ಏನನ್ನೂ ಪ್ರಕಟಿಸಬಾರದು. ಧ್ವನಿಮುದ್ರಣದ ಒಂದು ಪ್ರತಿ ಅವರ ಊರಿಗೆ ಮರಳಬೇಕು. ಹಿರಿಯರು ಗುಟ್ಟಾಗಿಡಬಯಸಿದ್ದನ್ನು ಗುಟ್ಟಾಗಿಯೇ ಬಿಡುವುದೂ ವಿದ್ವತ್ತಿನ ಭಾಗ.

ಒಮಾನಿನ ಕಾಲೇಜುಗಳಲ್ಲಿ ಪಾಠ ಮಾಡುವ ಭಾರತೀಯರಲ್ಲಿ ಕನ್ನಡಿಗರೂ ಇದ್ದಾರೆ. ಇನ್ನೊಬ್ಬರ ದೇಶದ ನೀತಿಯನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ವಿದ್ಯಾರ್ಥಿಯನ್ನು ‘ಈ ಗಿಡಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಕೇಳಲು ಯಾರ ಅಪ್ಪಣೆಯೂ ಬೇಡ. ರಾಜ್ಯೋತ್ಸವಕ್ಕೆ ಹಣ ಕೂಡಿಸುವ ಕನ್ನಡ ಸಂಘಗಳು ಸೋಲಿಗರ, ಜೇನು ಕುರುಬರ, ಕೊರಗರ ಮಕ್ಕಳ ಉನ್ನತ ಶಿಕ್ಷಣಕ್ಕೆ ಕಾನೂನಿನ ಚೌಕಟ್ಟಿನೊಳಗೆ ಒಂದು ಪಾಲು ತೆಗೆದಿಡುವ ಬಗ್ಗೆ ಯೋಚಿಸಬಹುದು.

ಹೈಮಾದ ಬಯಲು ಖಾಲಿಯಲ್ಲ. ಹಿಂದಿನ ಬೆಂಚೂ ಖಾಲಿಯಲ್ಲ. ಅಲ್ಲಿ ಕುಳಿತವರು ಏನನ್ನೋ ತಿಳಿದೇ ಬಂದಿದ್ದಾರೆ. ಅದೇನೆಂದು ಕೇಳಿ ತಿಳಿಯುವುದು ವಿಶ್ವವಿದ್ಯಾಲಯದ ಮೊದಲ ಪಾಠವಾಗಲಿ.