ಪಕ್ಕವಾದ್ಯದ ವಿದ್ಯೆಯೂ ಅದರ ಸಂಭಾವನೆಯೂ

(ಶತಮಾನೋತ್ಸವದ ಅಂಗವಾಗಿ ಜರುಗಿದ ವಾದ್ಯಗಾರ ತರುಣ-ತರುಣಿಯರ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನನಗೆ ಒಪ್ಪಿಸಲಾದ ವಿಷಯವು ಕೆಲವರಿಗೆ ಸಣ್ಣದೆಂದು ತೋರಬಹುದು. ಒಂಟಿಯಾಗಿ ಪಿಯಾನೋ ನುಡಿಸಬಲ್ಲವರು ಇನ್ನೊಬ್ಬರ ಹಾಡಿಗೆ ಧೈರ್ಯದಿಂದ ಜೊತೆಗೂಡುವುದು ಹೇಗೆ, ಆ ಕೆಲಸಕ್ಕೆ ತಕ್ಕ ಸಂಭಾವನೆಯನ್ನು ಪಡೆಯುವುದು ಹೇಗೆ ಎಂಬುದೇ ಆ ವಿಷಯ. ನಮ್ಮ ಮನೆಗಳಲ್ಲಿ ಕೀಬೋರ್ಡು ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಿಗೆ ಕುಳಿತವರೂ ನಮ್ಮಲ್ಲಿದ್ದಾರೆ. ಬರೆದಿಟ್ಟ ಕೃತಿಯನ್ನು ಅವರು ತಪ್ಪಿಲ್ಲದೆ ನುಡಿಸಬಲ್ಲರು. ಆದರೆ ಭಾನುವಾರದ ಬಲಿಪೂಜೆಯಲ್ಲಿ ಹಾಡುವವರು ಅರ್ಧ ಸಾಲು ಮುಂದೆ ಓಡಿದರೆ, ಅಥವಾ ಮದುವೆಯ ದಿನ ವಧುವಿನ ಸೋದರಮಾವನು “ಇದು ನನಗೆ ಎತ್ತರ ಆತು, ಸ್ವಲ್ಪ ಇಳಿಸ್ತೀ ಏನು ತಮ್ಮಾ?” ಎಂದು ಕೇಳಿದರೆ, ಅವರ ಕೈ ನಿಂತುಬಿಡುತ್ತದೆ. ತಮಗೆ ಪ್ರತಿಭೆ ಸಾಲದೆಂದು ತಿಳಿದು ಕೆಲವರು ವಾದ್ಯವನ್ನೇ ಮುಚ್ಚಿಡುತ್ತಾರೆ. ನಿಜಸಂಗತಿಯೆಂದರೆ, ಪಕ್ಕವಾದ್ಯವೆಂಬುದು ಬೇರೊಂದು ವಿದ್ಯೆ. ಅದನ್ನು ಅವರಿಗೆ ಯಾರೂ ಕಲಿಸಿಲ್ಲ.

ಆ ವಿದ್ಯೆಯನ್ನು ಅರಸಿಕೊಂಡು ಹುಬ್ಬಳ್ಳಿ-ಧಾರವಾಡದ ಜನರು ದೂರ ಹೋಗಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರಿಂದ ಮೊದಲ್ಗೊಂಡು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಅವರವರೆಗೆ ಈ ನೆಲದ ಗಾಯಕರ ಹೆಸರುಗಳನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಅಂಥ ಗಾಯಕರ ಪಕ್ಕದಲ್ಲಿ ಪೇಟಿ ಹಿಡಿದು ಕುಳಿತವರನ್ನೂ ಅಷ್ಟೇ ಅಭಿಮಾನದಿಂದ ನೆನೆಯಬೇಕು. ಧಾರವಾಡದ ವಸಂತ ಕನಕಾಪುರ, ಬೆಳಗಾವಿಯ ರಾಮಭಾವು ಬಿಜಾಪುರೆ ಇವರು ಹಾರ್ಮೋನಿಯಂ ಸಾಥ್‌ಗೆ ಹೆಸರಾದವರು. ಬಿಜಾಪುರೆಯವರು (1917–2010) ಸ್ವತಂತ್ರವಾದನದಲ್ಲಿಯೂ ಪ್ರಸಿದ್ಧರು. ಒಂಟಿಯಾಗಿ ಸಭೆಯನ್ನು ಹಿಡಿದು ನಿಲ್ಲಿಸಬಲ್ಲವನು ಇನ್ನೊಬ್ಬರ ಪಕ್ಕದಲ್ಲಿ ಕುಳಿತರೆ ಕೆಳಗಿಳಿದಂತೆ ಎಂಬ ಭಾವನೆಗೆ ಅವರ ಜೀವನವೇ ಉತ್ತರ.

ಹಾರ್ಮೋನಿಯಂನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ಡೆಬೆನ್ ಎಂಬಾತನು ರೂಪಿಸಿದ ಈ ವಾದ್ಯವು ಕಾಲಿನಿಂದ ತುಳಿದು ನುಡಿಸುವಂಥದು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಎಂಬವರು 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವಂತೆ ಮಾರ್ಪಡಿಸಿದರು. ಚಾಪೆಯ ಮೇಲೆ ಕುಳಿತುಕೊಂಡ ಮೇಲೆ ಅದು ನಮ್ಮದಾಯಿತು. ಆದರೆ ಅದರ ಮನೆಗಳು ಸ್ಥಿರ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಅದಕ್ಕೆ ಸಾಧ್ಯವಿಲ್ಲ. ಇದೇ ಮೊದಲಾದ ದೋಷಗಳನ್ನು ಎತ್ತಿ ಹೇಳಿ 1940ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿತು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದಾಗಲೂ ಆ ನಿಷೇಧ ಜಾರಿಯಲ್ಲಿತ್ತು. 1971ರ ಸುಮಾರಿಗೆ ಅದು ಸಡಿಲವಾದಾಗ, ಹಾರ್ಮೋನಿಯಂ ಮೊದಲು ಒಳಗೆ ಬಂದದ್ದು ಪಕ್ಕವಾದ್ಯವಾಗಿ. ಸ್ವತಂತ್ರವಾದನಕ್ಕೆ ಅವಕಾಶ ಆಮೇಲಿನದು. ವಾದ್ಯದ ಕೊರತೆಯನ್ನು ನಮ್ಮ ಪೇಟಿವಾದಕರು ಕಿವಿಯಿಂದ ತುಂಬಿಕೊಂಡರು. ಗಾಯಕನು ಸ್ವರವನ್ನು ಜಾರಿಸುವಲ್ಲಿ ಅವರು ಕೈ ಹಗುರಮಾಡುತ್ತಾರೆ. ಉಸಿರಿಗೆ ನಿಂತಾಗ ಆ ತೆರಪನ್ನು ತುಂಬುತ್ತಾರೆ. ತಾನಿನ ಹಿಂದೆ ನೆರಳಿನಂತೆ ಕೂದಲೆಳೆಯಷ್ಟು ತಡವಾಗಿ ಬರುತ್ತಾರೆ, ಎಂದೂ ಮುಂದೆ ಹೋಗುವುದಿಲ್ಲ. ಪಿಯಾನೋದ ಮನೆಗಳೂ ಸ್ಥಿರವಾದವುಗಳೇ. ಆದುದರಿಂದ ಪಿಯಾನೋ ಕಲಿತವರು ಈ ಸಂಪ್ರದಾಯದಿಂದ ನೇರವಾಗಿ ಕಲಿಯಬಹುದು. ನಮ್ಮೂರಿನಲ್ಲಿ ಒಂದು ಬೈಠಕ್ಕಿಗೆ ಹೋಗಿ, ಗಾಯಕರನ್ನು ಬಿಟ್ಟು ಕೇವಲ ಪೇಟಿಯವರ ಕೈಯನ್ನು ಒಂದು ಗಂಟೆ ನೋಡಿರಿ.

ಇನ್ನು ಅಭ್ಯಾಸದ ಮಾತು. ಎಲ್ಲಕ್ಕಿಂತ ಮೊದಲು, ಹಾಡುವವರ ಉಸಿರನ್ನು ಕೇಳುವುದು. ಒಂಟಿ ವಾದಕನ ಕಣ್ಣು ಪುಸ್ತಕದ ಮೇಲಿರುತ್ತದೆ. ಪಕ್ಕವಾದ್ಯದವನ ಕಣ್ಣು ಗಾಯಕನ ಭುಜದ ಮೇಲೂ ಇರಬೇಕು. ಗೀತೆಯನ್ನು ನುಡಿಸುವ ಮೊದಲು ಅದನ್ನು ಸ್ವತಃ ಬಾಯಿಬಿಟ್ಟು ಹಾಡಿರಿ. ನಿಮಗೆ ಉಸಿರು ಎಲ್ಲಿ ಸಾಲದಾಯಿತೋ ಅಲ್ಲಿಯೇ ಮುನ್ನೂರು ಜನ ಭಕ್ತರಿಗೂ ಸಾಲದು. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಆ ಸ್ಥಳದಲ್ಲಿ ಬೆರಳನ್ನು ಎತ್ತಿರಿ. ಆರ್ಗನ್ನಿನ ದನಿಯಲ್ಲಿ ನುಡಿಸುವಾಗ ಪಿಯಾನೋದ ಪೆಡಲು ನೆರವಿಗೆ ಬರುವುದಿಲ್ಲ. ಸ್ವರಗಳನ್ನು ಬೆರಳಿನಿಂದಲೇ ಹಿಡಿದು ಜೋಡಿಸಬೇಕು. ಕೈ ತಪ್ಪಿದಾಗ ಹಿಂದಕ್ಕೆ ಹೋಗಿ ತಿದ್ದುವ ಅಭ್ಯಾಸವನ್ನು, ಪರೀಕ್ಷೆಯವರು ಕಲಿಸಿದ್ದರೂ, ಇಲ್ಲಿ ಬಿಡಬೇಕು. ಎಡಗೈಯ ಒಂದು ಸ್ವರವಾದರೂ ತಾಳದೊಡನೆ ಸಾಗುತ್ತಿದ್ದರೆ ಹಾಡು ಉಳಿಯುತ್ತದೆ.

ಎರಡನೆಯದು ಶ್ರುತಿ. ಗಂಡಸರಿಗೆ ಇಷ್ಟು, ಹೆಂಗಸರಿಗೆ ಇಷ್ಟು ಎಂದು ಊಹಿಸಿ ಕುಳಿತುಕೊಳ್ಳಬಾರದು. ಗಂಟಲಿನ ಚಿಕಿತ್ಸೆಯ ತರುವಾಯ ಗಂಗೂಬಾಯಿಯವರ ಕಂಠವು ಗಂಡುದನಿಯ ಗಾಂಭೀರ್ಯವನ್ನು ಪಡೆಯಿತೆಂಬುದು ಲೋಕಕ್ಕೆಲ್ಲ ಗೊತ್ತು. ಅವರ ಪಕ್ಕದಲ್ಲಿ ಊಹೆಯ ಶ್ರುತಿ ಹಿಡಿದವನ ಗತಿಯೇನು? ಕೇಳಿ ತಿಳಿಯಬೇಕು. ಎಫ್ ಶ್ರುತಿಯಲ್ಲಿ ಬರೆದ ಗೀತೆಯನ್ನು ಮುಂಜಾನೆಯ ಪೂಜೆಯಲ್ಲಿ ಡಿ ಶ್ರುತಿಗೆ ಇಳಿಸಬೇಕಾದೀತು. ಈಗಿನ ಕೀಬೋರ್ಡಿನಲ್ಲಿ ಅದಕ್ಕೊಂದು ಗುಂಡಿಯಿದೆ, ನಿಜ. ಬಳಸುವುದು ಪಾಪವೇನೂ ಅಲ್ಲ. ಆದರೆ ಇಗರ್ಜಿಯ ಹಳೆಯ ಹಾರ್ಮೋನಿಯಂ ಮುಂದೆ ಕೂತಾಗ, ಶಾಲೆಯ ಪಿಯಾನೋದ ಮುಂದೆ ಕೂತಾಗ ಆ ಗುಂಡಿ ಇರುವುದಿಲ್ಲ. ಕಾರ್ಡುಗಳನ್ನು ಅಕ್ಷರದ ಹೆಸರಿನಿಂದ ನೆನಪಿಡುವುದರ ಬದಲು ಷಡ್ಜದ್ದು, ಮಧ್ಯಮದ್ದು, ಪಂಚಮದ್ದು ಎಂದು ನೆನಪಿಟ್ಟರೆ ಯಾವ ಶ್ರುತಿಗಾದರೂ ಕೈ ಹೊರಳುತ್ತದೆ. ಸರಿಗಮ ಬಲ್ಲ ನಮ್ಮ ಮಕ್ಕಳಿಗೆ ಇದು ಸುಲಭ.

ಕನ್ನಡದ ಭಕ್ತಿಗೀತೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಯ ಶಾಸನವನ್ನು ಹೊರಡಿಸಿದ ಮೇಲೆ ದೇಶಭಾಷೆಗಳೂ ದೇಶದ ರಾಗಗಳೂ ನಮ್ಮ ದೇವಾಲಯಗಳಲ್ಲಿ ಧಾರಾಳವಾಗಿ ಬಂದವು. ದುರ್ಗಾ ರಾಗದಲ್ಲಿ ಗಾಂಧಾರವಿಲ್ಲ. ಅದರಲ್ಲಿ ಕಟ್ಟಿದ ಭಜನೆಗೆ ಪಾಶ್ಚಾತ್ಯರ ಷಡ್ಜದ ಕಾರ್ಡನ್ನು ಪೂರ್ತಿಯಾಗಿ ಒತ್ತಿದರೆ, ಕರೆಯದ ಗಾಂಧಾರವು ಒಳಗೆ ಬಂದು ರಾಗ ಕೆಡುತ್ತದೆ. ಅಲ್ಲಿ ಷಡ್ಜ-ಪಂಚಮ ಎರಡೇ ಸಾಕು. ಮಾಲಕಂಸದಲ್ಲಿ ಪಂಚಮವೇ ಇಲ್ಲ, ಷಡ್ಜ-ಮಧ್ಯಮ ಹಿಡಿಯಬೇಕು. ಕಡಿಮೆ ನುಡಿಸುವುದಕ್ಕೆ ಧೈರ್ಯ ಹೆಚ್ಚು ಬೇಕು! ಪವಿತ್ರ ಸಂಗೀತವನ್ನು ಕುರಿತು 1967ರಲ್ಲಿ ರೋಮಿನಿಂದ ಹೊರಟ ನಿರ್ದೇಶನವು ವಾದ್ಯದ ದನಿಯು ಹಾಡಿನ ಮಾತನ್ನು ಮುಳುಗಿಸಬಾರದೆಂದು ಹೇಳಿದ್ದನ್ನು ಇಲ್ಲಿ ಸ್ಮರಿಸಬಹುದು.

ಇಂಗ್ಲೆಂಡಿನ ಜೆರಾಲ್ಡ್ ಮೂರ್ (1899–1987) ಎಂಬ ಪಿಯಾನೋವಾದಕರು ತಮ್ಮ ಆಯುಷ್ಯವನ್ನೆಲ್ಲ ಪಕ್ಕವಾದ್ಯಕ್ಕೇ ಮೀಸಲಿಟ್ಟರು. ‘ಆಮ್ ಐ ಟೂ ಲೌಡ್?’ ಎಂದರೆ, ನನ್ನ ದನಿ ಹೆಚ್ಚಾಯಿತೆ ಎಂಬ ಪ್ರಶ್ನೆಯೇ 1962ರಲ್ಲಿ ಬಂದ ಅವರ ಆತ್ಮಕಥೆಯ ಹೆಸರು. 1967ರಲ್ಲಿ ಲಂಡನ್ನಿನಲ್ಲಿ ಅವರ ಬೀಳ್ಕೊಡುಗೆಯ ಕಛೇರಿ ನಡೆದಾಗ ಮೂವರು ವಿಶ್ವವಿಖ್ಯಾತ ಗಾಯಕರು ಬಂದು ಹಾಡಿದರು. ಎಲ್ಲ ಮುಗಿದ ಮೇಲೆ ಅವರು ಒಬ್ಬರೇ ಕುಳಿತು ಶೂಬರ್ಟನ ಒಂದು ಚಿಕ್ಕ ಗೀತೆಯನ್ನು ನುಡಿಸಿದರು.

ಈಗ ಹಣದ ಮಾತು. ಇದನ್ನು ದೇವಾಲಯದ ಆವರಣದಲ್ಲಿ ಆಡಲು ನಮಗೆ ಸಂಕೋಚ. ಸಂಗೀತ ಸೇವೆಯಲ್ಲವೆ, ಸೇವೆಗೆ ಬೆಲೆಯುಂಟೆ ಎಂದು ಕೇಳುವವರಿದ್ದಾರೆ. ಭಾನುವಾರದ ಪೂಜೆಗೆ ಪ್ರೀತಿಯಿಂದ ನುಡಿಸುವುದು ಸೇವೆಯೇ ಸರಿ; ಅದು ಹಾಗೆಯೇ ಇರಲಿ. ಆದರೆ ಮದುವೆಯಲ್ಲಿ ಹೂವಿನವನಿಗೆ, ಫೋಟೋದವನಿಗೆ, ಬ್ಯಾಂಡಿನವರಿಗೆ ಹಣ ಕೊಟ್ಟು, ಗಾಯನಕ್ಕೆ ಜೊತೆಯಾದ ಹುಡುಗಿಗೆ ಒಂದು ಪೊಟ್ಟಣ ಕೇಕು ಕೊಟ್ಟು ಕಳಿಸುವುದು ನ್ಯಾಯವಲ್ಲವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ನಾಟಕ ಕಂಪನಿಗಳ ಪೇಟಿ ಮಾಸ್ತರರು ಸಂಬಳ ಪಡೆದೇ ನುಡಿಸಿದರು. ಆಕಾಶವಾಣಿಯಲ್ಲಿ ನಿಲಯದ ಕಲಾವಿದರೆಂದು ಪಕ್ಕವಾದ್ಯದವರು ನೌಕರಿ ಮಾಡಿದರು. ಗೋವೆಯ ಇಗರ್ಜಿ ಶಾಲೆಗಳ ಮೇಸ್ತ್ರಿಗಳಿಂದ ಸ್ವರಲಿಪಿ ಕಲಿತ ಎಷ್ಟೋ ಮಂದಿ ಮುಂಬಯಿಯ ಚಿತ್ರಸಂಗೀತದಲ್ಲಿ ಇನ್ನೊಬ್ಬರ ಹಾಡಿಗೆ ನುಡಿಸಿ ಸಂಸಾರ ಸಾಕಿದರು. ಮಜೋರ್ಡಾದ ಆಂತೋನಿ ಗೊನ್ಸಾಲ್ವಿಸ್ ಅವರು ಅಂಥವರಲ್ಲೊಬ್ಬರು. ಪ್ಯಾರಿಸ್ಸಿನ ಸೇಂತ್ ಕ್ಲೊತಿಲ್ದ್ ದೇವಾಲಯದಲ್ಲಿ ಸೆಸಾರ್ ಫ್ರಾಂಕ್ ಮೂವತ್ತು ವರ್ಷಕ್ಕೂ ಮಿಕ್ಕು, 1890ರಲ್ಲಿ ತೀರಿಕೊಳ್ಳುವವರೆಗೂ, ಆರ್ಗನ್‌ವಾದಕ ಹುದ್ದೆಯಲ್ಲಿದ್ದರು. ಅವರ ಭಕ್ತಿಯನ್ನು ಯಾರೂ ಶಂಕಿಸಲಿಲ್ಲ.

ಸಂಭಾವನೆ ಕೇಳುವಾಗ ಒಂದು ಗಂಟೆಯ ಪೂಜೆಯನ್ನಷ್ಟೇ ಎಣಿಸಬಾರದು. ಒಂದೂವರೆ ಗಂಟೆಯ ಎರಡು ತಾಲೀಮು, ಮನೆಯಲ್ಲಿ ಎರಡು ಗಂಟೆಯ ಅಭ್ಯಾಸ ಸೇರಿದರೆ ಅದು ಆರು ಗಂಟೆಯ ದುಡಿಮೆ. ಎಷ್ಟು ಹಾಡು, ಯಾರ ಶ್ರುತಿ ಯಾವುದು, ವಾದ್ಯ ಯಾರು ತರುವವರು, ಧಾರವಾಡದಿಂದ ಹುಬ್ಬಳ್ಳಿಗೆ ರಾತ್ರಿ ಮರಳುವ ವ್ಯವಸ್ಥೆ ಏನು ಎಂಬುದನ್ನು ಮೊದಲೇ ಮಾತಾಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಹೆಣ್ಣುಮಕ್ಕಳ ತಂದೆತಾಯಿಗಳು ಕೊನೆಯ ಅಂಶವನ್ನೇ ಮೊದಲು ಕೇಳುತ್ತಾರೆ, ಕೇಳಬೇಕು. ಬಡವರ ಮನೆಯ ಮದುವೆಗೆ ಹಣ ಬೇಡವೆಂದು ಹೇಳುವ ಸ್ವಾತಂತ್ರ್ಯ ನಿಮಗೆ ಯಾವಾಗಲೂ ಇದೆ. ಆದರೆ ಆ ಮಾತು ನಿಮ್ಮ ಬಾಯಿಂದ ಬರಬೇಕು, ಅವರ ಊಹೆಯಿಂದ ಬರಬಾರದು.

ಬರುವ ತಿಂಗಳಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸಂಜೆ ಸಭಾಂಗಣದಲ್ಲಿ ಕೀಬೋರ್ಡನ್ನು ತೆರೆದಿಡಲು ಗುರುಗಳು ಒಪ್ಪಿದ್ದಾರೆ. ಗಾಯನವೃಂದದಿಂದ ಇಬ್ಬರು ಬಂದು ಹಾಡುವರು. ನುಡಿಸುವವರು ಮೂರು ಗೀತೆಗಳನ್ನು, ಪ್ರತಿಯೊಂದನ್ನೂ ಎರಡು ಶ್ರುತಿಗಳಲ್ಲಿ ಸಿದ್ಧಪಡಿಸಿಕೊಂಡು ಬರಬೇಕು. ಪೆನ್ಸಿಲು ಮರೆಯಬಾರದು.